ಕೆರೆಯದೆ ನೋಡುವ ಬೆಳಕು

ನೆದರ್‌ಲೆಂಡ್ಸ್ ದೇಶದ ಕ್ರೊಲ್ಲರ್-ಮುಲ್ಲರ್ ವಸ್ತುಸಂಗ್ರಹಾಲಯದಲ್ಲಿ ಒಂದು ಪುಟ್ಟ ಚಿತ್ರವಿದೆ. ಅದರ ತುಂಬ ಬರೀ ಹುಲ್ಲು. ಹಸಿರು, ಎಳೆಹಸಿರು, ನಡುನಡುವೆ ಹಳದಿ ಗೀರುಗಳು. ವಿನ್ಸೆಂಟ್ ವ್ಯಾನ್ ಗೋ ಎಂಬ ಹೆಸರಾಂತ ಚಿತ್ರಕಾರರು 1887ರಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಬರೆದದ್ದು. ನೋಡಿದವರಿಗೆಲ್ಲ ಅದು ಹುಲ್ಲಿನ ಚಿತ್ರವೇ. ಆದರೆ ಆ ಹುಲ್ಲಿನ ಕೆಳಗೆ ಒಬ್ಬ ರೈತ ಹೆಂಗಸಿನ ಮುಖ ಅಡಗಿದೆ. 2008ರಲ್ಲಿ ವಿಜ್ಞಾನಿಗಳು ಆ ಮುಖವನ್ನು ಕಣ್ಣು, ಮೂಗು, ತುಟಿಯ ಕೆಂಪಿನ ಸಮೇತ ಜಗತ್ತಿಗೆ ತೋರಿಸಿದರು. ಅದಕ್ಕಾಗಿ ಅವರು ಮೇಲಿನ ಹುಲ್ಲಿನ ಒಂದು ಎಸಳನ್ನೂ ಕೆರೆಯಲಿಲ್ಲ.

ಕೆರೆಯದೆ, ಮುಟ್ಟದೆ, ಒಳಗಿರುವುದನ್ನು ನೋಡುವುದು ಹೇಗೆ? ಮಕ್ಕಳೇ, ಇದರ ಉತ್ತರ ಬೆಳಕಿನಲ್ಲಿದೆ. ಇಂಥದೇ ಬೆಳಕು ನಮ್ಮ ಉಡುಪಿಯಲ್ಲೂ ಕೆಲಸ ಮಾಡಿದೆ. ಕಪ್ಪಾಗಿ ಓದಲು ಬಾರದಂತಾಗಿದ್ದ ಓಲೆಗರಿಯ ಅಕ್ಷರಗಳನ್ನು ಎದ್ದು ಕಾಣುವಂತೆ ಮಾಡಿದೆ. ನೀವು ರಾಜಾಜಿನಗರದವರಿರಲಿ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯವರಿರಲಿ, ಮನೆಯಲ್ಲಿ ಒಂದು ಟಿವಿ ರಿಮೋಟು, ಒಂದು ಮೊಬೈಲು, ಒಂದು ಟಾರ್ಚು ಇದ್ದರೆ ಸಾಕು. ಇದರ ಗುಟ್ಟನ್ನು ಬಹುಮಟ್ಟಿಗೆ ನೀವೇ ಬಿಡಿಸಬಹುದು.

ಬರೆದ ಚಿತ್ರವನ್ನು ಮುಚ್ಚುವುದೇಕೆ?

ಅಷ್ಟು ಕಷ್ಟಪಟ್ಟು ಬರೆದ ಚಿತ್ರದ ಮೇಲೆ ಯಾರಾದರೂ ಮತ್ತೆ ಬಣ್ಣ ಬಳಿಯುತ್ತಾರೆಯೇ? ಬಳಿಯುತ್ತಾರೆ. ಎಷ್ಟೋ ಸಲ ಅದಕ್ಕೆ ಕಾರಣ ಕೈಯಲ್ಲಿ ಕಾಸಿಲ್ಲದಿರುವುದು. ಚಿತ್ರ ಬರೆಯುವ ಕ್ಯಾನ್ವಾಸ್ ಬಟ್ಟೆಗೆ ದುಡ್ಡು ಕೊಡಬೇಕು. ವ್ಯಾನ್ ಗೋ ಅವರ ಜೀವನ ಸಾಗುತ್ತಿದ್ದುದೇ ತಮ್ಮ ತಿಯೋ ಕಳಿಸುತ್ತಿದ್ದ ಹಣದಿಂದ. ಹೊಸ ಕ್ಯಾನ್ವಾಸ್ ಸಿಗದಾಗ ಅವರು ತಮ್ಮದೇ ಹಳೆಯ ಚಿತ್ರದ ಮೇಲೆ ಹೊಸದನ್ನು ಬರೆಯುತ್ತಿದ್ದರು. ಪಾಬ್ಲೊ ಪಿಕಾಸೊ ಕೂಡ ಹಾಗೆಯೇ. ಮುಂದೆ ಜಗತ್ತೇ ಕೊಂಡಾಡಿದ ಆ ಕಲಾವಿದರ ಬಳಿ ಇಪ್ಪತ್ತರ ವಯಸ್ಸಿನಲ್ಲಿ ಕ್ಯಾನ್ವಾಸಿಗೂ ಹಣವಿರುತ್ತಿರಲಿಲ್ಲ.

ಗೋಡೆಯ ಚಿತ್ರಗಳಿಗೆ ಬೇರೆ ಕಾರಣಗಳಿರುತ್ತವೆ. ರಾಜ್ಯ ಬದಲಾಗುತ್ತದೆ, ಇಷ್ಟಾನಿಷ್ಟ ಬದಲಾಗುತ್ತದೆ, ಬಣ್ಣ ಮಾಸುತ್ತದೆ. ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಹೋದರೆ ಶ್ರೀರಂಗಪಟ್ಟಣ ಸಿಗುತ್ತದೆ. ಅಲ್ಲಿನ ದರಿಯಾ ದೌಲತ್ ಅರಮನೆಗೆ ಶಾಲೆಯ ಪ್ರವಾಸದಲ್ಲಿ ನಿಮ್ಮಲ್ಲಿ ಹಲವರು ಹೋಗಿರಬಹುದು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಅದು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗದ ದೊಡ್ಡ ಚಿತ್ರವಿದೆ. ಆನೆ, ಕುದುರೆ, ಫಿರಂಗಿ, ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷ್ ಸೇನಾನಿ ಬೈಲಿ, ಎಲ್ಲರೂ ಅಲ್ಲಿದ್ದಾರೆ. ಈ ಚಿತ್ರಗಳನ್ನು ಒಮ್ಮೆ ಅಳಿಸಿಬಿಟ್ಟಿದ್ದರು. ಟಿಪ್ಪು ಮಡಿದ ಮೇಲೆ ಆ ಅರಮನೆಯಲ್ಲಿ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದರು. ಕಾಲ ಕಳೆದಂತೆ ಅವೂ ಮಾಸಿದವು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಅವರ ಆದೇಶದಂತೆ, ಮೊದಲಿನ ಚಿತ್ರ ನೆನಪಿದ್ದ ನಮ್ಮ ನಾಡಿನ ಚಿತ್ರಕಾರರೊಬ್ಬರು ಮತ್ತೆ ಬರೆದರು. ಹೀಗೆ ಒಂದೇ ಗೋಡೆಯಲ್ಲಿ ಹಲವು ಕಾಲದ ಕೈಗಳು ಸೇರಿಕೊಂಡಿವೆ. ಮುಂದಿನ ಸಲ ಹೋದಾಗ ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ಹೆಚ್ಚು ನಿಲ್ಲಿ.

ಕಣ್ಣಿಗೆ ಕಾಣದ ಬೆಳಕು

ಕಾಮನಬಿಲ್ಲಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಏಳು ಬಣ್ಣ ಕಾಣುತ್ತವೆ. ಬೆಳಕು ಅಲೆಗಳಾಗಿ ಸಾಗುತ್ತದೆ. ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆಗಿರುವ ದೂರಕ್ಕೆ ತರಂಗದೂರ ಎನ್ನುತ್ತೇವೆ. ನೇರಳೆ ಬೆಳಕಿನ ತರಂಗದೂರ ಸುಮಾರು 400 ನ್ಯಾನೋಮೀಟರ್, ಕೆಂಪಿನದು ಸುಮಾರು 700. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ಕಣ್ಣಿಗೆ ಕಾಣುವುದು 400ರಿಂದ 700ರವರೆಗೆ ಮಾತ್ರ. ಬೆಳಕು ಅಲ್ಲಿಗೆ ಮುಗಿಯುವುದಿಲ್ಲ.

1800ರಲ್ಲಿ ವಿಲಿಯಂ ಹರ್ಷಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ ಬಣ್ಣಗಳಾಗಿ ಬಿಡಿಸಿದರು. ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ಎಷ್ಟು ಬಿಸಿ ಎಂದು ಅಳೆದರು. ಕೆಂಪನ್ನು ದಾಟಿ, ಏನೂ ಕಾಣದ ಕಡೆ ಇಟ್ಟಾಗಲೂ ಥರ್ಮಾಮೀಟರ್ ಏರಿತು. ಅಲ್ಲೊಂದು ಕಾಣದ ಬೆಳಕಿತ್ತು. ಅದೇ ಅವಕೆಂಪು ಕಿರಣ. ಇನ್‌ಫ್ರಾರೆಡ್ ಎಂದರೂ ಇದೇ. 1895ರಲ್ಲಿ ವಿಲ್‌ಹೆಲ್ಮ್ ರಾಂಟ್‌ಜೆನ್ ಇನ್ನೊಂದು ಬಗೆಯ ಕಾಣದ ಕಿರಣವನ್ನು ಕಂಡುಹಿಡಿದರು. ಅದರ ತರಂಗದೂರ ತೀರ ಚಿಕ್ಕದು, ಆದರೆ ತೂರಿಹೋಗುವ ಶಕ್ತಿ ಬಹಳ. ಅದು ಎಕ್ಸ್-ರೇ.

ಈಗ ಚಿತ್ರಕ್ಕೆ ಬರೋಣ. ಬಣ್ಣದ ಪದರ ಎಂದರೆ ಎಣ್ಣೆಯಲ್ಲೋ ಅಂಟಿನಲ್ಲೋ ಕಲಸಿದ ನುಣ್ಣನೆ ಪುಡಿ. ಕಾಣುವ ಬೆಳಕು ಆ ಪುಡಿಯ ಕಣಗಳಿಗೆ ತಾಗಿ ಚೆದುರುತ್ತದೆ, ಸ್ವಲ್ಪ ಭಾಗ ಅಲ್ಲೇ ಹೀರಿಹೋಗುತ್ತದೆ. ಹಾಗಾಗಿ ನಮಗೆ ಮೇಲಿನ ಪದರ ಬಿಟ್ಟು ಬೇರೇನೂ ಕಾಣುವುದಿಲ್ಲ. ಅವಕೆಂಪು ಕಿರಣದ ತರಂಗದೂರ ಇನ್ನೂ ದೊಡ್ಡದು. ಕೆರೆಯ ದಡದಲ್ಲಿ ನಿಂತು ಜೊಂಡುಹುಲ್ಲಿನ ಕಡ್ಡಿಗಳನ್ನು ಗಮನಿಸಿ. ಸಣ್ಣ ಸಣ್ಣ ಕಿರುಅಲೆಗಳು ಕಡ್ಡಿಗೆ ಬಡಿದು ಚೆಲ್ಲಾಪಿಲ್ಲಿಯಾಗುತ್ತವೆ. ಉದ್ದನೆಯ ಅಲೆ ಕಡ್ಡಿಯನ್ನು ಲೆಕ್ಕಿಸದೆ ದಾಟಿಹೋಗುತ್ತದೆ. ಬಣ್ಣದ ಕಣಗಳ ನಡುವೆ ಅವಕೆಂಪು ಕಿರಣವೂ ಹಾಗೆ ದಾಟುತ್ತದೆ. ಕೆಳಗಿನ ಪದರವನ್ನು ಮುಟ್ಟಿ ಅಲ್ಲಿಂದ ವಾಪಸು ಬರುತ್ತದೆ. ಅದನ್ನು ಹಿಡಿಯಬಲ್ಲ ಕ್ಯಾಮೆರಾ ಇದ್ದರೆ ಒಳಗಿನ ಚಿತ್ರ ಕಾಣುತ್ತದೆ.

ಮಾಡಿ ನೋಡಿ: ಕೋಲಾ ಲೋಟದ ಆಚೆ

ದೊಡ್ಡವರನ್ನು ಕೇಳಿ ಒಂದು ಮೊಬೈಲ್ ತೆಗೆದುಕೊಳ್ಳಿ. ಸೆಲ್ಫಿ ತೆಗೆಯುವ ಮುಂದಿನ ಕ್ಯಾಮೆರಾ ತೆರೆಯಿರಿ. ಟಿವಿ ರಿಮೋಟಿನ ಮೂತಿಯನ್ನು ಕ್ಯಾಮೆರಾಕ್ಕೆ ಹಿಡಿದು ಯಾವುದಾದರೂ ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಕಾಣದಿದ್ದರೂ ಮೊಬೈಲಿನ ಪರದೆಯಲ್ಲಿ ರಿಮೋಟಿನ ತುದಿಯ ಪುಟ್ಟ ದೀಪ ತಿಳಿನೇರಳೆಯಾಗಿ ಮಿಣುಕುತ್ತದೆ. ಅದೇ ಅವಕೆಂಪು ಕಿರಣ. ಕ್ಯಾಮೆರಾದ ಸಿಲಿಕಾನ್ ಚಿಪ್ಪಿಗೆ ನಮ್ಮ ಕಣ್ಣಿಗಿಂತ ಹೆಚ್ಚು ಕಾಣುತ್ತದೆ. ಒಂದು ಮೊಬೈಲಿನಲ್ಲಿ ಕಾಣದಿದ್ದರೆ ಇನ್ನೊಂದರಲ್ಲಿ ನೋಡಿ. ಕೆಲವು ಕ್ಯಾಮೆರಾಗಳಲ್ಲಿ ಈ ಕಿರಣವನ್ನು ತಡೆಯುವ ಗಾಜು ಇರುತ್ತದೆ.

ಈಗ ಒಂದು ಗಾಜಿನ ಲೋಟದಲ್ಲಿ ಕೋಲಾ ತುಂಬಿ ರಿಮೋಟಿನ ಮುಂದಿಡಿ. ಕೋಲಾ ಕಡು ಕಂದು. ಲೋಟದ ಆಚೆಗಿರುವುದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆದರೂ ಗುಂಡಿ ಒತ್ತಿದರೆ ಮೊಬೈಲಿನ ಪರದೆಯಲ್ಲಿ ದೀಪ ಮಿಣುಕುತ್ತದೆ. ಟಿವಿಯ ಮುಂದೆ ಹಿಡಿದರೆ ಚಾನೆಲ್ಲೂ ಬದಲಾಗುತ್ತದೆ. ನಮ್ಮ ಕಣ್ಣಿಗೆ ಕತ್ತಲಾದ ಆ ಕಂದು ಬಣ್ಣ ಅವಕೆಂಪು ಕಿರಣಕ್ಕೆ ತಿಳಿನೀರು!

ಇನ್ನೊಂದು ಲೋಟ ನೀರಿಗೆ ಚಿತ್ರ ಬರೆಯುವ ಕಪ್ಪು ಇಂಡಿಯನ್ ಇಂಕನ್ನು ನಾಲ್ಕು ಹನಿ ಹಾಕಿ ಕಲಕಿ. ಆಚೆಗಿರುವುದು ಕಾಣದಷ್ಟು ಕಪ್ಪಾಗುವವರೆಗೆ ಹನಿ ಸೇರಿಸಿ. ಈಗ ಪರದೆಯಲ್ಲಿ ದೀಪ ಮಂಕಾಗುತ್ತದೆ ಅಥವಾ ಕಾಣುವುದೇ ಇಲ್ಲ. ಇಂಡಿಯನ್ ಇಂಕ್ ಎಂದರೆ ಕಾಡಿಗೆ, ಎಂದರೆ ಇಂಗಾಲದ ಪುಡಿ. ಇಂಗಾಲ ಕಾಣುವ ಬೆಳಕನ್ನೂ ನುಂಗುತ್ತದೆ, ಅವಕೆಂಪನ್ನೂ ನುಂಗುತ್ತದೆ. ಪ್ರಯೋಗ ಮುಗಿದ ಮೇಲೆ ಎರಡೂ ಲೋಟ ಚೆಲ್ಲಿ ಚೆನ್ನಾಗಿ ತೊಳೆದಿಡಿ. ಪ್ರಯೋಗಕ್ಕೆ ಬಳಸಿದ್ದನ್ನು ಕುಡಿಯಬಾರದು.

ಕಂದು ದಾಟುತ್ತದೆ, ಕಾಡಿಗೆ ತಡೆಯುತ್ತದೆ. ಈ ಎರಡು ಮಾತು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಗಳು ನಿಂತಿರುವುದೇ ಇದರ ಮೇಲೆ.

ಬಣ್ಣದ ಕೆಳಗಿನ ಇದ್ದಿಲ ಗೆರೆ

ನಮ್ಮ ಮೈಸೂರು ಶೈಲಿಯ ಚಿತ್ರಗಳನ್ನು ನೋಡಿದ್ದೀರಲ್ಲ? ಚಿನ್ನದ ರೇಕು ಹಚ್ಚಿದ ದೇವರ ಪಟಗಳು. ಆ ಚಿತ್ರಕಾರರು ಮೊದಲು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಅದರಿಂದ ಗೆರೆ ಎಳೆದು, ಆಮೇಲೆ ಬಣ್ಣ ತುಂಬಿ, ರೇಕು ಹಚ್ಚುತ್ತಿದ್ದರು. ಚಿತ್ರ ಮುಗಿದ ಮೇಲೆ ಆ ಮೊದಲ ಗೆರೆ ಬಣ್ಣದ ಅಡಿಗೆ ಹೋಗುತ್ತದೆ. ಇದ್ದಿಲೂ ಇಂಗಾಲವೇ. ಹಾಗಾಗಿ ಇಂಥ ಗೆರೆಗಳ ಮೇಲೆ ಅವಕೆಂಪು ದಾಟಬಲ್ಲ ಬಣ್ಣವಿದ್ದರೆ, ಆ ಕ್ಯಾಮೆರಾದಲ್ಲಿ ಬಣ್ಣ ತೆಳುವಾಗಿ, ಗೆರೆ ಕಪ್ಪಾಗಿ ಕಾಣುತ್ತದೆ. ಕೈಯನ್ನು ಮೊದಲು ಎಲ್ಲಿಟ್ಟು ಆಮೇಲೆ ಎಲ್ಲಿಗೆ ಸರಿಸಿದರು, ಎಲ್ಲಿ ಮನಸ್ಸು ಬದಲಿಸಿದರು ಎಂಬುದೆಲ್ಲ ತಿಳಿಯುತ್ತದೆ. ಚಿನ್ನದ ರೇಕಿನ ಕೆಳಗೆ ಮಾತ್ರ ಈ ಕಿರಣದ ಆಟ ನಡೆಯುವುದಿಲ್ಲ. ಲೋಹ ಅದನ್ನು ಹಿಂದಕ್ಕೆ ಎಸೆದುಬಿಡುತ್ತದೆ.

ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ಫಿಲಿಪ್ಸ್ ಸಂಗ್ರಹಾಲಯದಲ್ಲಿ ಪಿಕಾಸೊ 1901ರಲ್ಲಿ ಬರೆದ ‘ನೀಲಿ ಕೋಣೆ’ ಎಂಬ ಚಿತ್ರವಿದೆ. ಕೋಣೆಯಲ್ಲಿ ಒಬ್ಬ ಹೆಂಗಸು ಸ್ನಾನ ಮಾಡುತ್ತಿದ್ದಾಳೆ. ಕುಂಚದ ಗೀರುಗಳು ಆ ದೃಶ್ಯಕ್ಕೆ ಹೊಂದುವುದಿಲ್ಲ ಎಂದು 1954ರಲ್ಲೇ ತಜ್ಞರೊಬ್ಬರಿಗೆ ಅನುಮಾನ ಬಂದಿತ್ತು. 2008ರಲ್ಲಿ ತೆಗೆದ ಅವಕೆಂಪು ಚಿತ್ರದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಚಿತ್ರವನ್ನು ಪಕ್ಕಕ್ಕೆ ತಿರುಗಿಸಿ ನೋಡಿದರೆ ಗಡ್ಡಧಾರಿಯೊಬ್ಬ ಬೋ ಟೈ ಕಟ್ಟಿಕೊಂಡು, ಉಂಗುರ ತೊಟ್ಟ ಕೈಯ ಮೇಲೆ ಕೆನ್ನೆಯೂರಿ ಕುಳಿತಿದ್ದಾನೆ. ಅವನು ಯಾರೆಂಬುದನ್ನು ತಜ್ಞರು ಇನ್ನೂ ಹುಡುಕುತ್ತಿದ್ದಾರೆ.

ಉಡುಪಿಯ ಓಲೆಗರಿ

ಈಗ ನಮ್ಮ ಕರಾವಳಿಗೆ ಹೋಗೋಣ. ಮಧ್ವಾಚಾರ್ಯರ (1238–1317) ಸಂಸ್ಕೃತ ಕೃತಿಗಳಿಗೆ ಒಟ್ಟಾಗಿ ಸರ್ವಮೂಲ ಗ್ರಂಥಗಳು ಎಂಬ ಹೆಸರಿದೆ. ಅವುಗಳ ಬಹಳ ಹಳೆಯ ಓಲೆಗರಿ ಪ್ರತಿಯೊಂದು ಉಡುಪಿಯ ಮಠದಲ್ಲಿದೆ. ಸುಮಾರು 700 ವರ್ಷ ಹಳೆಯದು. ಒಟ್ಟು 340 ಗರಿಗಳು. ಒಂದೊಂದು ಗರಿಯೂ 26 ಇಂಚು ಉದ್ದ, 2 ಇಂಚು ಅಗಲ. ನಿಮ್ಮ ಶಾಲೆಯ ಸ್ಕೇಲನ್ನು ಎರಡು ಸಲ ಇಟ್ಟರೂ ಉದ್ದಕ್ಕೆ ಸಾಲದು. ಪ್ರತಿ ಗರಿಗೂ ಎರಡು ತೂತು. ಅದರಲ್ಲಿ ಹುರಿಹಗ್ಗ ಪೋಣಿಸಿ, ಮೇಲೊಂದು ಕೆಳಗೊಂದು ದಪ್ಪ ಮರದ ಹಲಗೆ ಇಟ್ಟು ಕಟ್ಟಿದ್ದಾರೆ.

ಓಲೆಗರಿಯ ಮೇಲೆ ಬರೆಯುವುದು ಕಾಗದದ ಮೇಲೆ ಬರೆದಂತಲ್ಲ. ಕಂಠ ಎಂಬ ಕಬ್ಬಿಣದ ಚೂಪು ಕಡ್ಡಿಯಿಂದ ಗರಿಯ ಮೈಯನ್ನು ಕೊರೆದು ಅಕ್ಷರ ಮೂಡಿಸುತ್ತಿದ್ದರು. ಕೊರೆದ ಗೀರು ಗರಿಯ ಬಣ್ಣದಲ್ಲೇ ಇರುವುದರಿಂದ ಓದುವುದು ಕಷ್ಟ. ಅದಕ್ಕೆ ಮಸಿಯನ್ನು ಬಳಿದು ಒರೆಸುತ್ತಿದ್ದರು. ಮೇಲಿನ ಮಸಿ ಬಟ್ಟೆಗೆ ಹೋಗುತ್ತದೆ, ಗೀರಿನೊಳಗಿನದು ಅಲ್ಲೇ ಉಳಿದು ಅಕ್ಷರ ಕಪ್ಪಾಗಿ ಕಾಣುತ್ತದೆ. ಮಸಿ ಎಂದರೆ ಕಾಡಿಗೆ. ನಮ್ಮ ಪ್ರಯೋಗದ ಎರಡನೇ ಲೋಟ!

ಗರಿ ಒಣಗಿದರೆ ಪಟಪಟನೆ ಮುರಿಯುತ್ತದೆ. ಮೆತ್ತಗಿರಲಿ ಎಂದು ಹಿಂದಿನವರು ಎಣ್ಣೆ ಸವರುತ್ತಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ ಆ ಕೆಲಸವೇ ಈ ಕಟ್ಟಿಗೆ ಮುಳುವಾಯಿತು. ಸವರಿದ ಎಣ್ಣೆ ವರ್ಷಗಳು ಉರುಳಿದಂತೆ ಕಡು ಕಂದಾಯಿತು. ಕಂದು ಗರಿ, ಕಪ್ಪು ಅಕ್ಷರ. ಯಾವುದು ಗರಿ, ಯಾವುದು ಅಕ್ಷರ ಎಂದೇ ತಿಳಿಯದಂತಾಯಿತು. ಅಂಚುಗಳು ಬಿರುಕು ಬಿಟ್ಟು ಉದುರತೊಡಗಿದವು. ಗ್ರಂಥದ ಸುಮಾರು ಶೇಕಡ 15 ಭಾಗ ಆಗಲೇ ಇಲ್ಲವಾಗಿತ್ತು. ಒಮ್ಮೆ ಬಿಚ್ಚಿ ನೋಡಿದರೆ ಇನ್ನಷ್ಟು ಪುಡಿಯಾಗುತ್ತಿತ್ತು.

ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಪಿ. ಆರ್. ಮುಕುಂದ್ ಅವರಿಗೆ ಇಲ್ಲಿನ ಅವರ ಗುರುಗಳು ಈ ಕಷ್ಟವನ್ನು ಹೇಳಿ, ಏನಾದರೂ ದಾರಿ ಹುಡುಕಿ ಎಂದರು. ಮುಕುಂದ್ ಅದೇ ಸಂಸ್ಥೆಯ ರೋಜರ್ ಈಸ್ಟನ್ ಅವರನ್ನೂ, ಚಿತ್ರ ಸಂಸ್ಕರಣೆಯಲ್ಲಿ ಪಳಗಿದ ಕೀತ್ ನಾಕ್ಸ್ ಅವರನ್ನೂ ಕೇಳಿದರು. ಸಂಶೋಧನಾ ವಿದ್ಯಾರ್ಥಿ ಅಜಯ್ ಪಸುಪುಲೇಟಿ ಜೊತೆಯಾದರು. 2005ರ ಡಿಸೆಂಬರಿನಲ್ಲಿ ಬಂದು ಗರಿಗಳ ಸ್ಥಿತಿ ನೋಡಿಕೊಂಡು ಹೋದರು. 2006ರ ಜೂನಿನಲ್ಲಿ ಕ್ಯಾಮೆರಾ ಸಮೇತ ಮತ್ತೆ ಬಂದು ಆರು ದಿನ ಕೆಲಸ ಮಾಡಿದರು.

ಕ್ಯಾಮೆರಾದ ಮುಂದೆ ಅವಕೆಂಪು ಕಿರಣವನ್ನಷ್ಟೇ ಒಳಬಿಡುವ ಸೋಸುಗಾಜು ಇಟ್ಟರು. ಕಂದಾದ ಎಣ್ಣೆ ಆ ಕಿರಣಕ್ಕೆ ಅಡ್ಡಿಯಾಗಲಿಲ್ಲ. ಗರಿ ಬೆಳ್ಳಗೆ ಕಂಡಿತು. ಗೀರಿನೊಳಗಿನ ಮಸಿ ಕಿರಣವನ್ನು ನುಂಗಿತು; ಅಕ್ಷರ ಕಪ್ಪಗೆ ಎದ್ದಿತು. ಕೋಲಾ ಮತ್ತು ಇಂಡಿಯನ್ ಇಂಕು ನಿಮ್ಮ ಮನೆಯಲ್ಲಿ ತೋರಿಸಿದ್ದೂ ಇದನ್ನೇ. ಗರಿ ಉದ್ದವಾದ್ದರಿಂದ ಒಂದೊಂದು ಮಗ್ಗುಲನ್ನೂ ಎಂಟರಿಂದ ಹತ್ತು ತುಂಡುಗಳಾಗಿ ಚಿತ್ರ ತೆಗೆದರು. ಒಟ್ಟು 7,900 ಚಿತ್ರಗಳಾದವು. ಆಮೇಲೆ ಕಂಪ್ಯೂಟರಿನಲ್ಲಿ ಅವನ್ನು ತಿದ್ದಿ, ತುಂಡಿಗೆ ತುಂಡು ಹೊಂದಿಸಿ, ಪೂರ್ತಿ ಗರಿಗಳನ್ನು ಕಟ್ಟಿಕೊಟ್ಟರು.

ಮುಕುಂದ್ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಂಪ್ಯೂಟರ್ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಗಳ ಮೇಲೆ ಲೋಹದಲ್ಲಿ ಈ ಗರಿಗಳ ಪ್ರತಿ ಮೂಡಿಸುವ ಯೋಚನೆ ಅವರದು. ಒಂದು ಬಿಲ್ಲೆಯಲ್ಲಿ ಮೂರು ಗರಿ ಹಿಡಿಯುತ್ತವೆ. ಭೂತಗನ್ನಡಿ ಹಿಡಿದರೆ ಓದಬಹುದು. ಕಂಪ್ಯೂಟರುಗಳು ಬದಲಾದರೂ ಇದನ್ನು ಓದಲು ಒಂದು ಮಸೂರ ಸಾಕು.

ಎಕ್ಸ್-ರೇ ಹೇಳುವ ಗುಟ್ಟು

ಈಸ್ಟನ್ ಮತ್ತು ನಾಕ್ಸ್ ಉಡುಪಿಗೆ ಬರುವ ಮೊದಲೇ ಇನ್ನೊಂದು ಹೆಸರಾಂತ ಕೆಲಸದಲ್ಲಿದ್ದರು. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಅವರ ಬರಹಗಳನ್ನು ಸುಮಾರು ಸಾವಿರ ವರ್ಷ ಹಿಂದೆ ಯಾರೋ ಚರ್ಮದ ಹಾಳೆಗಳ ಮೇಲೆ ನಕಲು ಮಾಡಿದ್ದರು. 1229ರಲ್ಲಿ ಇನ್ನೊಬ್ಬರು ಆ ಅಕ್ಷರಗಳನ್ನು ಉಜ್ಜಿ ಅಳಿಸಿ, ಅದೇ ಹಾಳೆಗಳ ಮೇಲೆ ಪ್ರಾರ್ಥನೆಗಳನ್ನು ಬರೆದರು. 20ನೇ ಶತಮಾನದಲ್ಲಿ ಮತ್ತ್ಯಾರೋ ಕೆಲವು ಹಾಳೆಗಳ ಮೇಲೆ ಚಿನ್ನದ ಬಣ್ಣದ ಚಿತ್ರಗಳನ್ನು ಬರೆದು ಹಳೆಯ ಕಾಲದವೆಂದು ನಂಬಿಸಲು ನೋಡಿದರು. ಹಲವು ಬಣ್ಣದ ಬೆಳಕು ಚೆಲ್ಲಿ ಚಿತ್ರ ತೆಗೆದು ಬಹಳಷ್ಟು ಭಾಗ ಓದಿದ್ದಾಯಿತು. ಚಿನ್ನದ ಚಿತ್ರಗಳ ಕೆಳಗಿನ ಅಕ್ಷರ ಮಾತ್ರ ಸಿಗಲಿಲ್ಲ. ಆಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಪ್ರಯೋಗಾಲಯದಲ್ಲಿ ತೀಕ್ಷ್ಣ ಎಕ್ಸ್-ರೇ ಹಾಯಿಸಿದರು. ಹಳೆಯ ಶಾಯಿಯಲ್ಲಿ ಕಬ್ಬಿಣವಿತ್ತು. ಅದು ಸುಳಿವು ಕೊಟ್ಟಿತು.

ಲೋಹ ಸುಳಿವು ಕೊಡುವುದು ಹೇಗೆ? ಒಂದು ಪರಮಾಣುವಿಗೆ ಎಕ್ಸ್-ರೇ ಬಡಿದಾಗ ಅದರ ಒಳಸುತ್ತಿನ ಎಲೆಕ್ಟ್ರಾನ್ ಹೊರಗೆ ಹಾರುತ್ತದೆ. ಖಾಲಿಯಾದ ಜಾಗಕ್ಕೆ ಹೊರಸುತ್ತಿನ ಎಲೆಕ್ಟ್ರಾನ್ ಇಳಿಯುತ್ತದೆ. ಇಳಿಯುವಾಗ ಪರಮಾಣು ತನ್ನದೇ ಆದ ಒಂದು ಎಕ್ಸ್-ರೇ ಹೊರಸೂಸುತ್ತದೆ. ಅದರ ಶಕ್ತಿ ಕಬ್ಬಿಣಕ್ಕೆ ಒಂದು ಬಗೆ, ಪಾದರಸಕ್ಕೆ ಇನ್ನೊಂದು, ಸೀಸಕ್ಕೆ ಮತ್ತೊಂದು. ಅದನ್ನು ಅಳೆದರೆ ಯಾವ ಜಾಗದಲ್ಲಿ ಯಾವ ಧಾತುವಿದೆ ಎಂದು ನಕ್ಷೆ ಬರೆಯಬಹುದು.

ವ್ಯಾನ್ ಗೋ ಅವರ ಹುಲ್ಲಿನ ಚಿತ್ರದಲ್ಲಿ ಆದದ್ದೂ ಇದೇ. ಆಸ್ಪತ್ರೆಯಲ್ಲಿ ಕೈಮೂಳೆಗೆ ತೆಗೆಯುವಂಥ ಸಾಮಾನ್ಯ ಎಕ್ಸ್-ರೇ ಅಲ್ಲೊಂದು ತಲೆಯಿದೆ ಎಂದಷ್ಟೇ ಮೊದಲು ಹೇಳಿತ್ತು. ಸಾಮಾನ್ಯ ಎಕ್ಸ್-ರೇಯಲ್ಲಿ ಎಲ್ಲ ಪದರಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಡಚ್ ವಿಜ್ಞಾನಿ ಯೋರಿಸ್ ಡಿಕ್, ಬೆಲ್ಜಿಯಂನ ಕೂನ್ ಯಾನ್ಸೆನ್ಸ್ ಮತ್ತು ಅವರ ಸಂಗಡಿಗರು ಚಿತ್ರವನ್ನು ಜರ್ಮನಿಯ ಹ್ಯಾಂಬರ್ಗ್‌ನ ಡೆಸಿ ಪ್ರಯೋಗಾಲಯಕ್ಕೆ ಒಯ್ದರು. ಕೂದಲೆಳೆಯಂಥ ಎಕ್ಸ್-ರೇ ಕಿರಣವನ್ನು ಚುಕ್ಕಿ ಚುಕ್ಕಿಯಾಗಿ ಸರಿಸುತ್ತ, 17.5 ಸೆಂಟಿಮೀಟರ್ ಚೌಕವನ್ನು ಎರಡು ದಿನ ಓದಿದರು. ಮುಖದ ಜಾಗದಲ್ಲಿ ಎರಡು ಧಾತುಗಳು ಎದ್ದು ಕಂಡವು. ಒಂದು ಪಾದರಸ, ಅದು ಇಂಗಳೀಕ ಎಂಬ ಕೆಂಪು ಬಣ್ಣದಲ್ಲಿರುತ್ತದೆ. ಇನ್ನೊಂದು ಆಂಟಿಮನಿ; ಅದು ಆಗಿನ ಒಂದು ಹಳದಿ ಬಣ್ಣದಲ್ಲಿರುತ್ತಿತ್ತು. ಪಾದರಸ ಇದ್ದಲ್ಲಿ ಕೆಂಪು, ಆಂಟಿಮನಿ ಇದ್ದಲ್ಲಿ ಹಳದಿ ಎಂದು ಕಂಪ್ಯೂಟರಿನಲ್ಲಿ ತುಂಬಿದಾಗ ತುಟಿಯೂ ಕೆನ್ನೆಯೂ ಮೈಬಣ್ಣ ಪಡೆದವು. ಪ್ಯಾರಿಸ್‌ಗೆ ಹೋಗುವ ಮೊದಲು ವ್ಯಾನ್ ಗೋ ಬರೆಯುತ್ತಿದ್ದ ಹಳ್ಳಿಯ ಹೆಂಗಸರ ಚಿತ್ರಗಳ ಸಾಲಿಗೆ ಸೇರುವ ಮುಖ ಅದು.

ಬಣ್ಣ ಗುರುತಿಸುವ ಇನ್ನೊಂದು ವಿಧಾನಕ್ಕೆ ನಮ್ಮವರದೇ ಹೆಸರಿದೆ. ಸಿ. ವಿ. ರಾಮನ್ 1928ರ ಫೆಬ್ರವರಿ 28ರಂದು ಕಂಡುಹಿಡಿದ ಪರಿಣಾಮ ಅದು. ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕು ಚೆಲ್ಲಿದರೆ, ಚೆದುರಿ ಬರುವ ಬೆಳಕಿನಲ್ಲಿ ಅತ್ಯಲ್ಪ ಭಾಗದ ಬಣ್ಣ ಸ್ವಲ್ಪ ಬದಲಾಗಿರುತ್ತದೆ. ಎಷ್ಟು ಬದಲಾಗಿದೆ ಎಂಬುದು ಆ ವಸ್ತುವಿನ ಅಣುಗಳ ನಡುಕವನ್ನು ಅವಲಂಬಿಸಿರುತ್ತದೆ. ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಲೇಸರ್ ಬೆಳಕು ಹಾಯಿಸಿ, ಈ ಬಣ್ಣ ಇಂಗಳೀಕವೇ, ಬೇರೆ ಕೆಂಪೇ ಎಂದು ಹೇಳುತ್ತಾರೆ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ರಾಜಾಜಿನಗರದಿಂದ ಮಲ್ಲೇಶ್ವರ ದಾಟಿದರೆ ಅದರ ಹಸಿರು ಆವರಣ ಕಾಣುತ್ತದೆ. ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ.

ಟಾರ್ಚಿನ ಓರೆ ಬೆಳಕು

ಎಲ್ಲಕ್ಕೂ ದುಬಾರಿ ಯಂತ್ರವೇ ಬೇಕೆಂದಿಲ್ಲ. ನೋಟ್‌ಪ್ಯಾಡಿನ ಮೇಲೆ ಪೆನ್ನನ್ನು ಒತ್ತಿ ನಿಮ್ಮ ಹೆಸರು ಬರೆಯಿರಿ. ಆ ಹಾಳೆ ಹರಿದು ತೆಗೆಯಿರಿ. ಕೆಳಗಿನ ಹಾಳೆ ಖಾಲಿಯಾಗಿ ಕಾಣುತ್ತದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಹಾಳೆಯ ಪಕ್ಕದಲ್ಲಿ ಮೇಜಿಗೆ ತಾಗಿಸಿ ಮಲಗಿಸಿದಂತೆ ಹಿಡಿಯಿರಿ. ಪೆನ್ನಿನ ಗುಳಿಗಳಲ್ಲಿ ನೆರಳು ತುಂಬಿ ನಿಮ್ಮ ಹೆಸರು ಮೇಲೇಳುತ್ತದೆ. ಚಿತ್ರ ತಜ್ಞರು ಕುಂಚದ ಹಳೆಯ ಏರುತಗ್ಗುಗಳನ್ನು ಹೀಗೆಯೇ ಹುಡುಕುತ್ತಾರೆ. ಶಾಸನ ಓದುವವರು ಸವೆದ ಕಲ್ಲಿನ ಅಕ್ಷರಗಳನ್ನು ಓದುವುದೂ ಹೀಗೆಯೇ.

ಈ ಕೆಲಸ ಈಗ ಕಂಪ್ಯೂಟರಿಗೂ ಬಂದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಮ್ಮ ಸುತ್ತಮುತ್ತಲಿನ ಶಿಲಾಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಸ್ಕ್ಯಾನರಿನ ಬೆಳಕು ಕಲ್ಲಿನ ಮೇಲೆ ಹರಿದು, ಪ್ರತಿ ಏರುತಗ್ಗನ್ನೂ ಅಳೆದು ದಾಖಲಿಸುತ್ತದೆ. ಆಮೇಲೆ ಪರದೆಯ ಮೇಲೆ ಬೇಕಾದ ದಿಕ್ಕಿನಿಂದ ಬೆಳಕು ಬಿಟ್ಟು ಓದಬಹುದು. ಮಳೆಗೆ ಬಿಸಿಲಿಗೆ ಸವೆದು ಬರಿಗಣ್ಣಿಗೆ ದಕ್ಕದ ಅಕ್ಷರಗಳೂ ಹೀಗೆ ಓದಲು ಸಿಗುತ್ತವೆ. ರಾಜಾಜಿನಗರ ಬಡಾವಣೆಯಾಗುವ ಮೊದಲು ಇಲ್ಲಿ ಕೇತಮಾರನಹಳ್ಳಿ ಇತ್ತು; ಬಸವೇಶ್ವರನಗರದ ಕಡೆ ಸಾಣೆಗುರುವನಹಳ್ಳಿ. ಇಂಥ ಊರುಗಳ ಹಳೆಯ ಕಥೆ ತಿಳಿಯಲು ಕಲ್ಲುಗಳೂ ಬೇಕು. ಆದ್ದರಿಂದ ಎಲ್ಲೇ ಅಕ್ಷರವಿರುವ ಹಳೆಯ ಕಲ್ಲು ಕಂಡರೂ ಅದರ ಮೇಲೆ ಬಣ್ಣ ಬಳಿಯಲು, ಮೊಳೆಯಿಂದ ಕೆರೆಯಲು ಬಿಡಬೇಡಿ.

ನಾಳೆಯ ಬೆಳಕಿಗೆ ಉಳಿಸೋಣ

ತಂಜಾವೂರಿನ ಬೃಹದೀಶ್ವರ ದೇವಾಲಯದ ಕಥೆಯನ್ನೂ ಹೇಳಬೇಕು. ಸಾವಿರ ವರ್ಷ ಹಿಂದೆ ರಾಜರಾಜ ಚೋಳ ಕಟ್ಟಿಸಿದ ಗುಡಿ ಅದು. ಗರ್ಭಗುಡಿಯನ್ನು ಸುತ್ತುವ ಕತ್ತಲ ಓಣಿಯ ಗೋಡೆಗಳ ಮೇಲೆ, ಚೋಳರ ಬಹುಕಾಲದ ನಂತರ ಆಳಿದ ನಾಯಕ ಅರಸರ ಕಾಲದ ಚಿತ್ರಗಳಿದ್ದವು. 1931ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಎಸ್. ಕೆ. ಗೋವಿಂದಸ್ವಾಮಿ ಅಲ್ಲಿಗೆ ಹೋದಾಗ, ಆ ಚಿತ್ರಗಳ ಗಾರೆ ಉದುರಿದ ಕಡೆ ಒಳಗೆ ಚೋಳರ ಕಾಲದ ಚಿತ್ರಗಳಿರುವುದನ್ನು ಕಂಡರು. ಆಗ ಒಳಗಿನದನ್ನು ನೋಡಲು ಮೇಲಿನದನ್ನು ತೆಗೆಯದೆ ಬೇರೆ ದಾರಿ ಇರಲಿಲ್ಲ. ಮುಂದೆ ಪುರಾತತ್ವ ಇಲಾಖೆಯ ರಸಾಯನ ತಜ್ಞರು ನಾಯಕರ ಚಿತ್ರಗಳನ್ನು ಗಾರೆ ಸಮೇತ ಜೋಪಾನವಾಗಿ ಬಿಡಿಸಿ, ಬೇರೆ ಹಲಗೆಗಳಿಗೆ ಕೂರಿಸಿ ಉಳಿಸಿಕೊಂಡರು. ಎಷ್ಟು ಕಷ್ಟದ ಕೆಲಸ, ಯೋಚಿಸಿ. ಚೋಳರ ಚಿತ್ರವೂ ಬೇಕು, ನಾಯಕರ ಚಿತ್ರವೂ ಬೇಕು. ಹಳೆಯದೆಂದು ಒಂದನ್ನು ಮೆಚ್ಚಿ, ಹೊಸದೆಂದು ಇನ್ನೊಂದನ್ನು ಕೆರೆದು ಎಸೆಯುವಂತಿಲ್ಲ.

ಬೆಳಕಿನ ವಿಜ್ಞಾನ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಅದು ಮೇಲಿನವರಿಗೂ ನೋವು ಮಾಡದೆ ಕೆಳಗಿನವರನ್ನೂ ಮಾತಾಡಿಸುತ್ತದೆ. ಹುಲ್ಲು ಹಾಗೆಯೇ ಇದೆ, ಹೆಂಗಸಿನ ಮುಖವೂ ಸಿಕ್ಕಿದೆ. ಒಂದು ವೇಳೆ ಹಳೆಯ ಎಕ್ಸ್-ರೇಯಲ್ಲಿ ತಲೆಯೊಂದು ಮಸುಕಾಗಿ ಕಂಡ ಕೂಡಲೇ ಯಾರಾದರೂ ಆತುರಪಟ್ಟು ಹುಲ್ಲನ್ನು ಕೆರೆದಿದ್ದರೆ? ಎರಡರಲ್ಲಿ ಒಂದು ಹೋಗುತ್ತಿತ್ತು, ಪ್ರಾಯಶಃ ಎರಡೂ. ಕಾದದ್ದರಿಂದ ಎರಡೂ ಉಳಿದವು.

ಅಜ್ಜಿಯ ಮನೆಯ ಅಟ್ಟದಲ್ಲೋ ದೇವರ ಕೋಣೆಯಲ್ಲೋ ಓಲೆಗರಿಯ ಕಟ್ಟು ಸಿಕ್ಕರೆ ಅದಕ್ಕೆ ಎಣ್ಣೆ ಹಚ್ಚಬೇಡಿ, ನೀರು ಸೋಕಿಸಬೇಡಿ, ಬಿಸಿಲಿಗೆ ಹಾಕಬೇಡಿ, ಅಂಟುಪಟ್ಟಿ ಅಂಟಿಸಬೇಡಿ. ಹತ್ತಿಯ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ತಂಪು ಜಾಗದಲ್ಲಿಟ್ಟು, ಬಲ್ಲವರಿಗೆ ತೋರಿಸಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಗಳಲ್ಲಿ ಅದನ್ನು ನೋಡಬಲ್ಲವರಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅದೇ ಸಂಸ್ಥೆಗೆ ಬಂದ ಓಲೆಗರಿಗಳಲ್ಲಿ. ಹಳೆಯ ಮನೆಯ ಗೋಡೆಯ ಸುಣ್ಣ ಉದುರಿ ಒಳಗೊಂದು ಬಣ್ಣ ಇಣುಕಿದರೆ ಉಗುರು ಹಾಕಬೇಡಿ. ಒಂದು ಫೋಟೊ ತೆಗೆದು ದೊಡ್ಡವರಿಗೆ ಹೇಳಿ.

ಇಂದಿನ ಕ್ಯಾಮೆರಾಗಳಿಗೆ ಸಿಗದ ಎಷ್ಟೋ ಪದರಗಳು ಇನ್ನೂ ಇವೆ. ಅವನ್ನು ನೋಡುವ ಉಪಕರಣಗಳನ್ನು ನಿಮ್ಮ ವಯಸ್ಸಿನವರೇ ನಾಳೆ ಕಟ್ಟಬೇಕು. ಆಗ ನೋಡಲು ಏನಾದರೂ ಇರಬೇಕಾದರೆ ಇವತ್ತು ನಾವು ಯಾವುದನ್ನೂ ಕೆರೆಯದೆ ಬಿಡಬೇಕು.